'ಯಾವುದರಿಂದ ಯಾವುದನ್ನು?': ಲೆಕ್ಕದ ಮೇಷ್ಟ್ರಿಗೂ ಕನ್ನಡದ ಮೇಷ್ಟ್ರಿಗೂ ಒಂದೇ ಪತ್ರ

ಶಿವಮೊಗ್ಗ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಎಲ್ಲ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ನಮ್ಮ ಹೈಸ್ಕೂಲುಗಳ ಗಣಿತ ಮತ್ತು ಕನ್ನಡದ ಮೇಷ್ಟ್ರುಗಳಿಗೆ, ಟೀಚರುಗಳಿಗೆ,

ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ 24 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ಕಡೆ ಈ ಕೆಲಸಕ್ಕೆ ಜನ 'ಲೆಕ್ಕ ಬರೆಯೋದು' ಅಂತಲೇ ಹೇಳುತ್ತಾರೆ. ಲೆಕ್ಕ ಮಾಡೋದು ಬೇರೆ, ಲೆಕ್ಕ ಬರೆಯೋದು ಬೇರೆ. ಮಾಡುವುದನ್ನು ಶಾಲೆಯಲ್ಲಿ ಚೆನ್ನಾಗಿ ಕಲಿಸುತ್ತೀರಿ. ಬರೆಯುವುದನ್ನು ಯಾರ ಪಿರಿಯಡ್ಡಿನಲ್ಲೂ ಕಲಿಸುತ್ತಿಲ್ಲ. ಗಣಿತದವರು ಅದು ಭಾಷೆಯವರ ಕೆಲಸ ಅಂದುಕೊಂಡಿದ್ದಾರೆ, ಭಾಷೆಯವರು ಗಣಿತದವರ ಕೆಲಸ ಅಂದುಕೊಂಡಿದ್ದಾರೆ. ಈ ನಡುವಿನ ಜಾಗದಲ್ಲಿ ಬಿದ್ದುಹೋದ ಮಕ್ಕಳು ದೊಡ್ಡವರಾಗಿ ನಮ್ಮ ಕೌಂಟರಿನ ಆಚೆಗೂ ಈಚೆಗೂ ನಿಲ್ಲುತ್ತಾರೆ. ಅದನ್ನು ದಿನಾ ನೋಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ಜಗಳದ ಕತೆ. ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪ ತೋಟದ ಫಸಲನ್ನು ಚೇಣಿಗೆ ಕೊಟ್ಟರು. ಮಲೆನಾಡಿನವರಿಗೆ ಚೇಣಿ ಗೊತ್ತೇ ಇದೆ. ತೋಟ ನಮ್ಮದು, ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಚೇಣಿದಾರರದು. ಹಸಿ ಅಡಿಕೆ ಇಷ್ಟು ತೂಗಿದರೆ ಒಣ ಅಡಿಕೆ ಇಷ್ಟು ಕೊಡಬೇಕು ಅಂತ ಮೊದಲೇ ಮಾತಾಗಿರುತ್ತದೆ. ಚಿಕ್ಕಪ್ಪನ ಕಾಗದದಲ್ಲಿ ಅದಕ್ಕೆ ಇದ್ದದ್ದು ಒಂದೇ ಸಾಲು: 'ಕ್ವಿಂಟಾಲಿಗೆ ಹನ್ನೆರಡೂವರೆ ಕೆಜಿಯಂತೆ ಕೊಡತಕ್ಕದ್ದು.'

ಯಾವ ಕ್ವಿಂಟಾಲ್? ಗೊನೆ ಸಮೇತ ತೂಗಿದ್ದೋ, ಕಾಯಿ ಉದುರಿಸಿ ತೂಗಿದ್ದೋ? ಕಾಗದದಲ್ಲಿ ಇರಲಿಲ್ಲ. ಚಿಕ್ಕಪ್ಪ ಗೊನೆ ಸಮೇತ ಅಂದುಕೊಂಡಿದ್ದರು. ಚೇಣಿದಾರರು ಉದುರಿಸಿದ ಮೇಲಿನ ತೂಕ ಅಂದುಕೊಂಡಿದ್ದರು. ಎರಡು ತೂಕಕ್ಕೆ ನಾಲ್ಕು ಕ್ವಿಂಟಾಲ್ ವ್ಯತ್ಯಾಸ ಬಂತು. ಹನ್ನೆರಡೂವರೆಯನ್ನು ನಾಲ್ಕರಿಂದ ಗುಣಿಸಿದರೆ 50 ಕೆಜಿ. ಅರ್ಧ ಕ್ವಿಂಟಾಲ್ ಒಣ ಅಡಿಕೆ! ಇಬ್ಬರೂ ಬಾಯಲ್ಲೇ ಗುಣಾಕಾರ ಮಾಡುವವರು. ಇಬ್ಬರ ಗುಣಾಕಾರವೂ ಸರಿಯಾಗೇ ಇತ್ತು. 'ಉದುರಿಸಿದ ಮೇಲೆ' ಅನ್ನುವ ಎರಡು ಪದ ಇದ್ದಿದ್ದರೆ ಸಾಕಿತ್ತು. ಅದಿಲ್ಲದೆ ಎರಡು ಮನೆಗಳ ನಡುವೆ ಮೂರು ವರ್ಷ ಮಾತು ನಿಂತಿತು. ಒಂದು ಮದುವೆಗೆ ಕರೆಯಲೇ ಇಲ್ಲ.

ಇದು ಲೆಕ್ಕದ ತಪ್ಪೋ, ಬರವಣಿಗೆಯ ತಪ್ಪೋ? ನನಗೆ ಎರಡನ್ನೂ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಈಗ ಶಾಲೆಗೆ ಬರುತ್ತೇನೆ. ನಮ್ಮ ಪಕ್ಕದ ಮನೆಯ ಹುಡುಗಿ ಏಳನೇ ಕ್ಲಾಸು. ಸಂಜೆ ಹೊತ್ತು ನಮ್ಮ ಜಗಲಿಗೆ ಪುಸ್ತಕ ತರುತ್ತಾಳೆ. ಮಗ್ಗಿ ಚೆನ್ನಾಗಿ ಬರುತ್ತದೆ, ಭಾಗಾಕಾರ ಬರುತ್ತದೆ. ಆದರೆ ಮಾತಿನಲ್ಲಿ ಕೊಟ್ಟ ಲೆಕ್ಕ ಎಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ಒಂದು ದಿನ ಕೇಳಿದೆ, ಎಲ್ಲಿ ಕಷ್ಟ ಆಗ್ತಿದೆ ಪುಟ್ಟೀ ಅಂತ. ಅವಳು ಹೇಳಿದ್ದು ಇಷ್ಟೇ: "ಅತ್ತೆ, ಲೆಕ್ಕ ಬರುತ್ತೆ. ಯಾವ್ದರಿಂದ ಯಾವ್ದನ್ನ ಅಂತ ಗೊತ್ತಾಗಲ್ಲ."

ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. 'ಯಾವುದರಿಂದ, ಯಾವುದನ್ನು' ಅನ್ನೋದು ವಿಭಕ್ತಿ ಪ್ರತ್ಯಯ ಅಲ್ವಾ? ಉ, ಅನ್ನು, ಇಂದ, ಗೆ, ಅ, ಅಲ್ಲಿ ಅಂತ ನಾವೆಲ್ಲ ಕನ್ನಡ ಪಿರಿಯಡ್ಡಿನಲ್ಲಿ ರಾಗವಾಗಿ ಬಾಯಿಪಾಠ ಮಾಡಿದ್ದು. ಹುಡುಗಿಗೆ ಅದೂ ಬಾಯಿಗೆ ಬರುತ್ತದೆ. ಆದರೆ ಆ ಪ್ರತ್ಯಯವೇ ಗಣಿತದ ಪುಸ್ತಕದಲ್ಲಿ ಕೆಲಸ ಮಾಡುತ್ತಿದೆ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ.

ನಾನು ಸ್ಲೇಟಿನ ಮೇಲೆ ಮೂರು ಸಾಲು ಬರೆದೆ.

20ನ್ನು 5ರಿಂದ ಭಾಗಿಸು.
5ರಿಂದ 20ನ್ನು ಭಾಗಿಸು.
20ರಿಂದ 5ನ್ನು ಭಾಗಿಸು.

ಮೊದಲೆರಡಕ್ಕೆ ಉತ್ತರ 4. ಮೂರನೆಯದಕ್ಕೆ ಕಾಲು. ಕನ್ನಡದಲ್ಲಿ ಪದಗಳನ್ನು ಹಿಂದೆಮುಂದೆ ಮಾಡಿದರೆ ಅರ್ಥ ಕೆಡುವುದಿಲ್ಲ, ಬಾಲ ಬದಲಾದರೆ ಕೆಡುತ್ತದೆ. ಮಕ್ಕಳು ಮಾಡುವುದೇನು? ಸಾಲಿನಲ್ಲಿ ಮೊದಲು ಕಂಡ ಸಂಖ್ಯೆಯನ್ನು ಮೊದಲು ಬರೆದುಕೊಳ್ಳುತ್ತಾರೆ. ಎರಡನೆಯ ಸಾಲಿಗೆ ಅವಳು ಬರೆದದ್ದು ಅದನ್ನೇ: 5 ಭಾಗಿಸು 20. ಅವಳಿಗೆ ಭಾಗಾಕಾರ ಬರುವುದಿಲ್ಲ ಅಂತ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಅವಳಿಗೆ ಬಾರದ್ದು 'ಇಂದ' ಮತ್ತು 'ಅನ್ನು'.

ಬೀಜಗಣಿತಕ್ಕೆ ಹೋದರೆ ಇದು ಇನ್ನೂ ಜಾಸ್ತಿ. 'ಒಂದು ಸಂಖ್ಯೆಯ ಮೂರರಷ್ಟಕ್ಕೆ 6 ಕೂಡಿಸಿದರೆ 30.' ಆ ಸಂಖ್ಯೆ 8. 'ಒಂದು ಸಂಖ್ಯೆಗೆ 6 ಕೂಡಿಸಿ, ಬಂದದ್ದರ ಮೂರರಷ್ಟು ಮಾಡಿದರೆ 30.' ಆ ಸಂಖ್ಯೆ 4. ಎರಡರಲ್ಲೂ ಇರುವುದು ಅದೇ ಮೂರು, ಅದೇ ಆರು, ಅದೇ ಮೂವತ್ತು. ಗಣಿತದಲ್ಲಿ ಆವರಣ ಚಿಹ್ನೆ ಹಾಕಿ ತೋರಿಸುವುದನ್ನು ಕನ್ನಡ 'ಬಂದದ್ದರ' ಅನ್ನುವ ಒಂದು ಪದದಲ್ಲಿ ತೋರಿಸುತ್ತದೆ. ಆ ಪದವನ್ನು ಹಾರಿಸಿ ಓದಿದ ಮಗು ಎಷ್ಟು ಜಾಣ ಆದರೂ ತಪ್ಪು ಸಮೀಕರಣವನ್ನೇ ಬರೆಯುತ್ತದೆ.

ಶೇಕಡಾ ಲೆಕ್ಕವಂತೂ ಪೂರ್ತಿ 'ಅ' ಪ್ರತ್ಯಯದ ಮೇಲೆ ನಿಂತಿದೆ. ಅಡಿಕೆ ಧಾರಣೆ ಕ್ವಿಂಟಾಲಿಗೆ 50,000 ರೂಪಾಯಿ ಇತ್ತು ಅಂತ ಇಟ್ಟುಕೊಳ್ಳಿ. ಶೇ 20 ಏರಿತು. ಆಮೇಲೆ ಶೇ 20 ಇಳಿಯಿತು. ಈಗೆಷ್ಟು? ಸಂಘಕ್ಕೆ ಬರುವ ದೊಡ್ಡವರನ್ನೇ ಕೇಳಿದ್ದೇನೆ. ಹೆಚ್ಚಿನವರು ಅದೇ 50,000 ಅನ್ನುತ್ತಾರೆ. ಆದರೆ ಏರಿದ್ದು ಐವತ್ತು ಸಾವಿರದ ಶೇ 20, ಇಳಿದದ್ದು ಅರವತ್ತು ಸಾವಿರದ ಶೇ 20. ಉಳಿದದ್ದು 48,000. 'ಯಾವುದರ?' ಅಂತ ಕೇಳುವ ಅಭ್ಯಾಸ ಇದ್ದರೆ ಈ ತಪ್ಪು ಆಗುವುದೇ ಇಲ್ಲ. ಆ ಪ್ರಶ್ನೆ ಕೇಳುವುದು ವ್ಯಾಕರಣವೂ ಹೌದು, ಗಣಿತವೂ ಹೌದು.

ಮಾತಿನ ಲೆಕ್ಕ ಬಿಡಿಸುವುದಕ್ಕೂ ಓದಿ ಅರ್ಥ ಮಾಡಿಕೊಳ್ಳುವುದಕ್ಕೂ ಹತ್ತಿರದ ನಂಟಿದೆ ಎಂದು ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಸೊಗಸಾಗಿ ಬರೆದು ಲೆಕ್ಕಕ್ಕೆ ಹೆದರುವವರಿದ್ದಾರೆ. ಒಂದು ಸಾಲು ಬರೆಯಲಾರದೆ ಲೆಕ್ಕವನ್ನು ಥಟ್ಟನೆ ಹೇಳುವವರೂ ಇದ್ದಾರೆ. ನನ್ನ ದುಃಖ ಏನೆಂದರೆ, ಇಂಥ ಮಗು ಕಂಡ ಕೂಡಲೇ ನಾವು ಅದನ್ನು ಒಂದು ಕಡೆಗೆ ತಳ್ಳಿಬಿಡುತ್ತೇವೆ. ಲೆಕ್ಕ ಬರದಿದ್ರೆ ಆರ್ಟ್ಸ್ ತಗೋ, ಬರೆಯೋಕೆ ಬೇಜಾರಿದ್ರೆ ಸೈನ್ಸ್ ತಗೋ. ಎಸ್ಸೆಸ್ಸೆಲ್ಸಿ ಮುಗಿದ ಮನೆಗಳಲ್ಲಿ ಪ್ರತಿ ವರ್ಷ ಇದೇ ಮಾತು ಕೇಳುತ್ತದೆ. ಹದಿನಾರು ವರ್ಷದ ಮಗುವಿಗೆ ಅರ್ಧ ಬುದ್ಧಿಯನ್ನು ಮಡಿಸಿ ಒಳಗಿಡು ಅಂತ ಹೇಳಿದ ಹಾಗೆ ಆಗುತ್ತದೆ.

ಕೆಲಸಕ್ಕೆ ಬಂದ ಮೇಲೆ ಆ ಮಡಿಸಿಟ್ಟ ಅರ್ಧವೇ ಬೇಕಾಗುತ್ತದೆ.

ನಮ್ಮಲ್ಲಿಗೆ ಬಿಕಾಂ ಮುಗಿಸಿದ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಪಳಗಿದ ಕೈ. ಜಮಾ ಖರ್ಚು ಒಂದು ಪೈಸೆ ಆಚೆ ಈಚೆ ಆಗುತ್ತಿರಲಿಲ್ಲ. ಬೆಳೆಸಾಲದವರಿಗೆ ನೋಟೀಸ್ ಕಳಿಸುವ ಕೆಲಸ ಅವನಿಗೆ ಬಂತು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲಕ್ಕೆ 5 ಲಕ್ಷ ರೂಪಾಯಿವರೆಗೆ ಬಡ್ಡಿ ಇಲ್ಲ. ಆದರೆ ಗಡುವಿನೊಳಗೆ ಕಟ್ಟಬೇಕು. ಹುಡುಗ ಹಳೆಯ ನಮೂನೆ ನೋಡಿ ಬರೆದ: 'ಸದರಿ ಸಾಲವನ್ನು ನಿಗದಿತ ಅವಧಿಯೊಳಗಾಗಿ ಮರುಪಾವತಿಸದಿದ್ದಲ್ಲಿ ನಿಯಮಾನುಸಾರ ಬಡ್ಡಿ ಅನ್ವಯಿಸತಕ್ಕದ್ದಾಗಿರುತ್ತದೆ.'

ಒಬ್ಬ ಅಜ್ಜ ಆ ಕಾಗದ ಹಿಡಿದು ಮೂರು ಸಲ ಬಂದರು. ಆರು ಮೈಲಿ ದೂರದ ಹಳ್ಳಿ, ಮಳೆಗಾಲದಲ್ಲಿ ಹಳ್ಳ ದಾಟಬೇಕು. ಮೊದಲ ಸಲ ಬಂದಾಗ, ಬಡ್ಡಿ ಈಗಾಗಲೇ ಬಿದ್ದಿದೆ ಅಂತ ಹೆದರಿ ಬಂದಿದ್ದರು. ಎರಡನೇ ಸಲ, ಎಷ್ಟು ಕಟ್ಟಬೇಕು ಅಂತ ಕೇಳಲು. ಮೂರನೇ ಸಲ, ಯಾವತ್ತಿನೊಳಗೆ ಅಂತ ಕೇಳಲು. ಮೂರೂ ಉತ್ತರ ಹುಡುಗನ ಕಂಪ್ಯೂಟರಿನಲ್ಲಿ ಇದ್ದವು. ಕಾಗದದಲ್ಲಿ ಒಂದೂ ಇರಲಿಲ್ಲ.

ಅವನೂ ನಾನೂ ಕೂತು ಅದನ್ನು ಮತ್ತೆ ಬರೆದೆವು. 'ನಿಮ್ಮ ಸಾಲ 1,80,000 ರೂಪಾಯಿ. ಇದನ್ನು ಇಂಥ ತಾರೀಕಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಆಮೇಲೆ ಕಟ್ಟಿದರೆ ಬಡ್ಡಿ ಸೇರುತ್ತದೆ. ಬರುವಾಗ ಪಾಸ್ ಪುಸ್ತಕ ತನ್ನಿ.' ನಾಲ್ಕು ಸಾಲಿಗೆ ಒಂದೂವರೆ ಗಂಟೆ ಹಿಡಿಯಿತು. ಬರೆಯುತ್ತಾ ಹೋದ ಹಾಗೆ ಹುಡುಗನಿಗೇ ಒಂದು ಸಂಶಯ ಬಂತು: ತಾರೀಕಿನೊಳಗೆ ಅಂದರೆ ಆ ದಿನವೂ ಸೇರಿತೋ ಇಲ್ಲವೋ? ಆ ದಿನ ಭಾನುವಾರ ಆದರೆ? ಅವನು ಎದ್ದು ಹೋಗಿ ಮ್ಯಾನೇಜರನ್ನು ಕೇಳಿ ಬಂದ. ಟ್ಯಾಲಿ ಮಾಡುವಾಗ ಈ ಪ್ರಶ್ನೆ ಅವನಿಗೆ ಬಂದಿರಲೇ ಇಲ್ಲ, ಬರೆಯುವಾಗ ಬಂತು. ಇದನ್ನು ದಯವಿಟ್ಟು ಗಮನಿಸಿ. ಬರವಣಿಗೆ ಲೆಕ್ಕಕ್ಕೆ ಕೊನೆಯಲ್ಲಿ ಹೊದಿಸುವ ಬಟ್ಟೆ ಅಲ್ಲ. ಬರೆಯುವಾಗಲೇ ಲೆಕ್ಕ ಪೂರ್ತಿ ಆಗುವುದು.

ಇದರ ಉಲ್ಟಾ ಕೂಡ ನಡೆದಿದೆ. ನಮ್ಮ ಇನ್ನೊಬ್ಬ ಸಹೋದ್ಯೋಗಿ ಸಭೆಯ ನಡಾವಳಿ ಬರೆದರೆ ಓದುತ್ತಲೇ ಇರಬೇಕು ಅನ್ನಿಸುತ್ತದೆ, ಅಷ್ಟು ಚೆಂದದ ಕನ್ನಡ. ಒಂದು ವಾರ್ಷಿಕ ಸಭೆಯಲ್ಲಿ ಹೊಸ ಗೋದಾಮಿನ ಮಾತು ಬಂತು. ಕೈ ಎತ್ತಿ ಎಣಿಸಿದಾಗ 71 ಜನರಲ್ಲಿ 37 ಜನ ಒಪ್ಪಿದ್ದರು. ನಡಾವಳಿಯಲ್ಲಿ 'ಬಹುತೇಕ ಸದಸ್ಯರು ಹರ್ಷದಿಂದ ಅನುಮೋದಿಸಿದರು' ಅಂತ ಬಂತು. ಮುಂದಿನ ವರ್ಷ ಆ ಸಾಲು ಓದಿದಾಗ ಸಭೆಯಲ್ಲಿ ದೊಡ್ಡ ಗಲಾಟೆ. 71ರಲ್ಲಿ 37 ಅಂದರೆ ಅರ್ಧಕ್ಕಿಂತ ಒಂದೂವರೆ ಜನ ಜಾಸ್ತಿ, ಅಷ್ಟೇ. ಅದು ಬಹುತೇಕ ಅಲ್ಲ. ಅವರು ಸುಳ್ಳು ಬರೆಯುವವರಲ್ಲ. ಸಂಖ್ಯೆ ಕಂಡರೆ ಅವರಿಗೆ ಚಿಕ್ಕಂದಿನಿಂದ ಹೆದರಿಕೆ. ಅದಕ್ಕೆ ಸಂಖ್ಯೆಯ ಜಾಗದಲ್ಲಿ ಒಂದು ಒಳ್ಳೆಯ ಪದ ಇಟ್ಟರು.

ಹೈಸ್ಕೂಲಿನ ಕನ್ನಡ ಪಿರಿಯಡ್ಡಿನಲ್ಲಿ ಪತ್ರಲೇಖನ ಇದೆ, ಪ್ರಬಂಧ ಇದೆ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೇ 125 ಇದೆ. ಪ್ರಬಂಧಕ್ಕೆ ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ ಕೊಡುತ್ತೇವೆ. ಮಕ್ಕಳು ಗೈಡಿನಲ್ಲಿ ಇದ್ದದ್ದನ್ನು ಬರೆಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇರುವ ಮಕ್ಕಳಿಗೆ ಗೈಡ್ ಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಸಾಕು.

ಪಕ್ಕದ ಮನೆಯ ಹುಡುಗಿಗೆ ನಾನು ಕೊಟ್ಟ ಕೆಲಸ ಅದೇ. ಪೇಪರಿನಲ್ಲಿ ಜಲಾಶಯಗಳ ಮಟ್ಟ ಬರುತ್ತದಲ್ಲ, ಅದನ್ನು ಕತ್ತರಿಸಿ ತಂದಳು. ಗರಿಷ್ಠ ಮಟ್ಟ ಅಂತ ಹೀಗಿತ್ತು: ಲಿಂಗನಮಕ್ಕಿ 1,819 ಅಡಿ. ಭದ್ರಾ 186 ಅಡಿ. ತುಂಗಾ 588.24 ಮೀಟರ್. ಯಾವುದರಲ್ಲಿ ನೀರು ಜಾಸ್ತಿ ಆಳ ಅಂತ ಕೇಳಿದೆ. ಥಟ್ಟನೆ ಲಿಂಗನಮಕ್ಕಿ ಅಂದಳು. 1,819 ಅಡಿ ಆಳ, ಭದ್ರಾದ ಹತ್ತರಷ್ಟು.

"ಜೋಗ ಎಷ್ಟು ಎತ್ತರ?"

"830 ಅಡಿ."

"ಹಾಗಾದ್ರೆ ಲಿಂಗನಮಕ್ಕಿಯಲ್ಲಿ ಎರಡು ಜೋಗ ಮುಳುಗುತ್ತಾ?"

ಸುಮ್ನೆ ಕೂತಳು. ಆಮೇಲೆ ನಿಧಾನವಾಗಿ ತಲೆ ಅಲ್ಲಾಡಿಸಿದಳು. ಆ ಕಟ್ಟೆಯ ಎತ್ತರವೇ ಸುಮಾರು 200 ಅಡಿ. 1,819 ಅನ್ನುವುದು ಸಮುದ್ರ ಮಟ್ಟದಿಂದ ಅಳೆದದ್ದು. ಭದ್ರಾದ 186 ಕಟ್ಟೆಯ ತಳದಿಂದ ಅಳೆದದ್ದು. ತುಂಗಾದ್ದೂ ಸಮುದ್ರ ಮಟ್ಟದಿಂದಲೇ, ಆದರೆ ಮೀಟರಿನಲ್ಲಿ. 1,819 ಅಡಿಯನ್ನು ಮೀಟರಿಗೆ ತಂದರೆ 554 ಚಿಲ್ಲರೆ. ಅಂದರೆ ನೋಡಲು ಚಿಕ್ಕದಾಗಿ ಕಾಣುವ 588 ಎತ್ತರದಲ್ಲಿದೆ! ಭದ್ರಾದ ನೀರು ಸಮುದ್ರದಿಂದ ಲೆಕ್ಕ ಹಾಕಿದರೆ 650 ಮೀಟರಿಗೂ ಮೇಲೆ. ಮೂರರಲ್ಲಿ ಅದೇ ಎತ್ತರ. ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ಸಣ್ಣ ಸಂಖ್ಯೆ.

ಇದನ್ನೆಲ್ಲ ನಿನ್ನ ತಮ್ಮನಿಗೆ ಅರ್ಥ ಆಗುವ ಹಾಗೆ ಬರಿ ಅಂದೆ. ಮೂರು ಸಲ ಹರಿದು ನಾಲ್ಕನೇ ಸಲ ಬರೆದದ್ದು ಹೀಗಿತ್ತು: 'ಲಿಂಗನಮಕ್ಕಿ 1,819 ಅಡಿ ಅಂದರೆ ನೀರು ಅಷ್ಟು ಆಳ ಇದೆ ಅಂತ ಅಲ್ಲ. ಅದು ಸಮುದ್ರದಿಂದ ಅಳೆದ ಎತ್ತರ. ಭದ್ರಾ 186 ಅಡಿ ಅಂದರೆ ಕಟ್ಟೆಯ ತಳದಿಂದ ಅಳೆದದ್ದು. ಅದಕ್ಕೇ ಇವೆರಡನ್ನು ಪಕ್ಕ ಪಕ್ಕ ಇಟ್ಟು ಯಾವುದು ದೊಡ್ಡದು ಅಂತ ಕೇಳಬಾರದು. ಎಲ್ಲಿಂದ ಅಳೆದಿದ್ದು ಅಂತ ಮೊದಲು ಕೇಳಬೇಕು.' 'ಅಳೆದ' ಅನ್ನುವಲ್ಲಿ ಒಂದು ಕಡೆ 'ಅಳದ' ಅಂತಿತ್ತು. ಇರಲಿ ಬಿಡಿ. ಈ ಐದು ಸಾಲಿನಲ್ಲಿ ಇರುವ ಗಣಿತ ಯಾವ ಟೆಸ್ಟಿನಲ್ಲೂ ಅವಳಿಂದ ಬಂದಿರಲಿಲ್ಲ. ಈ ಐದು ಸಾಲಿನ ಕನ್ನಡವೂ ಬಂದಿರಲಿಲ್ಲ.

ಇಂಥದ್ದು ನಮ್ಮ ಸುತ್ತ ಎಷ್ಟು ಬೇಕಾದರೂ ಇದೆ. ಪಹಣಿಯಲ್ಲಿ 1.20.00 ಅಂತ ಇದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಒಂದೂವರೆ ಎಕರೆ. ದಶಮಾಂಶ ಕಲಿತ ಮಗು ಅದನ್ನು 1.2 ಅಂತ ಓದುತ್ತದೆ. ಕಾಗದದ ಮೇಲೆ ಹನ್ನೆರಡು ಗುಂಟೆ ಕಾಣೆ! ಪುಸ್ತಕದ ಚುಕ್ಕಿಗೂ ಪಹಣಿಯ ಚುಕ್ಕಿಗೂ ಅರ್ಥ ಬೇರೆ ಅಂತ ಆ ಮಗು ಎಲ್ಲಾದರೂ ಒಮ್ಮೆ ತನ್ನ ಕೈಯಾರೆ ಬರೆಯಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಅಂತ ಬಾಯಿಪಾಠ ಮಾಡಿಸುತ್ತೇವೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಅಂತ ಹೇಳಿದರೆ ಸಾಕು, ಮಕ್ಕಳು ತಮ್ಮ ಮನೆಯ ಮಾಡನ್ನು ಅಳೆಯಲು ಓಡುತ್ತಾರೆ. ನೂರು ಚದರ ಮೀಟರ್ ಮಾಡಿನ ಮೇಲೆ ಒಂದೇ ದಿನ ನೂರು ಮಿಲಿಮೀಟರ್ ಬಿದ್ದರೆ ಹತ್ತು ಸಾವಿರ ಲೀಟರ್. ಸಾವಿರ ಲೀಟರಿನ ಹತ್ತು ಟ್ಯಾಂಕ್! ಅಷ್ಟು ನೀರು ಮಾಡಿನಿಂದ ಇಳಿದ ಮೇಲೂ ಏಪ್ರಿಲ್‌ನಲ್ಲಿ ನಮ್ಮ ಬಾವಿ ಯಾಕೆ ಬತ್ತುತ್ತದೆ ಅಂತ ಒಂದು ಪುಟ ಬರೆಯಿರಿ ಅನ್ನಿ. ಆ ಪ್ರಬಂಧಕ್ಕೆ ಯಾವ ಗೈಡೂ ಸಿಗುವುದಿಲ್ಲ.

ಇದು ಹೊಸ ಮಾತೇನಲ್ಲ. ಕನ್ನಡಕ್ಕೆ ಕವಿರಾಜಮಾರ್ಗ ಬಂದದ್ದು ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ. ಅದೇ ದೊರೆಯ ಆಳ್ವಿಕೆಯಲ್ಲೇ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ, ಪದ್ಯದಲ್ಲಿ ಬರೆದ. ಅವನ ಒಂದು ಕೃತಿಯ ಹೆಸರೇ ವ್ಯವಹಾರ ಗಣಿತ. ಅವನನ್ನು ನಾವು ಕವಿ ಅನ್ನುವುದೋ ಗಣಿತಜ್ಞ ಅನ್ನುವುದೋ? ಅವನ ಕಾಲದವರಿಗೆ ಈ ಪ್ರಶ್ನೆ ಬಂದಿರಲಾರದು ಅಂತ ನನಗೆ ಅನ್ನಿಸುತ್ತದೆ.

ಈಗ ನನ್ನ ಬೇಡಿಕೆ. ವಾರಕ್ಕೆ ಒಂದೇ ಒಂದು ಪಿರಿಯಡ್ ಕೊಡಿ. ಎಂಟು ಮತ್ತು ಒಂಬತ್ತನೇ ಕ್ಲಾಸಿಗೆ ಸಾಕು, ಹತ್ತನೆಯವರ ಒತ್ತಡ ನನಗೂ ಗೊತ್ತು. ಆ ಪಿರಿಯಡ್ಡಿನಲ್ಲಿ ಗಣಿತದವರೂ ಕನ್ನಡದವರೂ ಒಟ್ಟಿಗೆ ಕ್ಲಾಸಿನಲ್ಲಿ ಇರಲಿ. ಒಂದು ಕರೆಂಟ್ ಬಿಲ್ಲು, ಒಂದು ಮಂಡಿ ಪಟ್ಟಿ, ಒಂದು ಪಹಣಿ, ಒಂದು ಪೇಪರ್ ತುಂಡು ಇಟ್ಟುಕೊಳ್ಳಿ. ಮಕ್ಕಳು ಲೆಕ್ಕ ಮಾಡಲಿ, ಆಮೇಲೆ ಅದನ್ನು ಅಜ್ಜಿಗೆ ಓದಿ ಹೇಳುವ ಹಾಗೆ ಅರ್ಧ ಪುಟ ಬರೆಯಲಿ. ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ಬರೆಯಲು ಕಷ್ಟಪಡುವ ಮಗು ಬಾಯಲ್ಲಿ ಹೇಳಲಿ, ಪಕ್ಕದವರು ಬರೆದುಕೊಳ್ಳಲಿ. ಇದು ಲೆಕ್ಕದಲ್ಲಿ ಜೋರಾಗಿರುವ ಮಗುವಿಗೆ ಹೊಸ ಶಿಕ್ಷೆ ಆಗಬಾರದು.

ಸಿಲಬಸ್ ಮುಗಿಯುವುದಿಲ್ಲ ಅಂತ ನೀವು ಹೇಳಬಹುದು. ಆ ಕಷ್ಟ ನಿಜ. ಎಷ್ಟೋ ಶಾಲೆಗಳಲ್ಲಿ ಒಬ್ಬರೇ ಮೇಷ್ಟ್ರು ಗಣಿತ, ವಿಜ್ಞಾನ ಎರಡೂ ನೋಡಿಕೊಳ್ಳುತ್ತಾರೆ, ಮೇಲೆ ಗಣತಿ, ಚುನಾವಣೆ. ಆದರೆ 'ಇಂದ' ಮತ್ತು 'ಅನ್ನು' ತಿಳಿಯದ ಮಗುವಿಗೆ ಅದೇ ಅಧ್ಯಾಯವನ್ನು ಎರಡು ಸಲ ಪಾಠ ಮಾಡುವ ಹೊತ್ತನ್ನೂ ನೀವೇ ಕೊಡುತ್ತಿದ್ದೀರಿ. ಆ ಹೊತ್ತಿನಲ್ಲಿ ಸ್ವಲ್ಪ ಈ ಕಡೆಗೆ ತಿರುಗಿಸಿ ಅಂತ ಕೇಳುತ್ತಿದ್ದೇನೆ. ಪಿಯುಸಿಗೆ ಹೋಗಿ ಇಂಗ್ಲಿಷಿನಲ್ಲಿ ಗಣಿತ ಓದಬೇಕಾದ ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೂ ಇದು ಬೇಕು. ಕನ್ನಡದಲ್ಲಿ 'ಕನಿಷ್ಠ ಮೂರು', 'ಗರಿಷ್ಠ ಮೂರು' ಅನ್ನುವುದರ ವ್ಯತ್ಯಾಸವನ್ನು ಬರೆದು ತೋರಿಸಲು ಬಂದ ಮಗು 'ಅಟ್ ಲೀಸ್ಟ್', 'ಅಟ್ ಮೋಸ್ಟ್' ಬಂದಾಗ ಅಷ್ಟು ಎಡವುವುದಿಲ್ಲ.

ಮೊದಲು ಜಿಲ್ಲೆಯ ಎಲ್ಲ ಶಾಲೆಗಳಲ್ಲೂ ಮಾಡಿ ಅಂತ ನಾನು ಕೇಳುವುದಿಲ್ಲ. ತಾಲ್ಲೂಕಿಗೆ ಒಂದು ಶಾಲೆ, ಒಂದು ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಯಾವ ಶಾಲೆ ಆದರೂ ಸರಿ, ಶನಿವಾರ ಬೆಳಗ್ಗೆ ನಾನು ಬರುತ್ತೇನೆ. ಹೆಸರು, ಖಾತೆ ನಂಬರು ಅಳಿಸಿದ ನೋಟೀಸುಗಳ ಪ್ರತಿ ಒಂದು ಕಟ್ಟು ಮಾಡಿ ಇಟ್ಟಿದ್ದೇನೆ. ಅಜ್ಜ ಮೂರು ಸಲ ಹಿಡಿದು ಬಂದ ಆ ಕಾಗದದ ಪ್ರತಿಯೂ ಅದರಲ್ಲಿದೆ. ಮಕ್ಕಳು ಅದನ್ನು ಓದಿ, ಎಷ್ಟು, ಯಾವತ್ತಿನೊಳಗೆ, ಯಾಕೆ ಅಂತ ಮತ್ತೆ ಬರೆಯಲಿ. ಚೆನ್ನಾಗಿ ಬರೆದದ್ದನ್ನು ನಮ್ಮ ಸಂಘದ ನಮೂನೆಗೆ ತೆಗೆದುಕೊಳ್ಳುತ್ತೇವೆ ಅಂತ ಮ್ಯಾನೇಜರು ಒಪ್ಪಿದ್ದಾರೆ.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು,
ತೀರ್ಥಹಳ್ಳಿ ತಾಲ್ಲೂಕು